ಮುಂದಿನ ಸಾಲಿನ ನಡುವಿನ ಕುರ್ಚಿ

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಸಿ ಮಾರುವವರಿಗೆ ಸಮುದ್ರದ ಹಡಗಿನಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಕೆಲಸ ಏನೂ ಇಲ್ಲ. ಪುಕ್ಕಟೆ ಸಿಕ್ಕಿತ್ತು, ಹೊರಟಿದ್ದರು. ಹೊಲಿಗೆ ಯಂತ್ರ ಮಾರುವ ಕಂಪನಿಯೊಂದು ಆ ವರ್ಷ ತನ್ನಲ್ಲಿ ಯಂತ್ರ ಕೊಂಡ ಯೂನಿಟ್ ಮಾಲೀಕರನ್ನೆಲ್ಲ ಮನೆಮಂದಿ ಸಮೇತ ಮುಂಬಯಿಯಿಂದ ಗೋವಾಕ್ಕೂ, ಅಲ್ಲಿಂದ ಇನ್ನಷ್ಟು ಆಚೆಗೂ ತಿರುಗಿಸಿಕೊಂಡು ಬರುತ್ತೇನೆ ಎಂದಿತ್ತು. ಹಂಪಯ್ಯನಂಥ ದೊಡ್ಡ ಕುಳಗಳ ಜೊತೆಗೆ ಕೈಸರನಂಥ ಸಣ್ಣವರೂ ಸೇರಿದ್ದರು. ಕೈಸರನ ಹೆಂಡತಿ ಫರ್ಜಾನಾ, ಸಿರುಗುಪ್ಪದ ಶಾಲೆಯೊಂದರಲ್ಲಿ ಟೀಚರು. ಫರ್ಜಾನಾಳ ತಾಯಿ ಸರ್ವರಬಿ. ಈ ಕತೆ ಸರ್ವರಬಿಯದು.

ಮೊದಲು ಅವಳು ಬರುವುದಿಲ್ಲ ಎಂದೇ ಪಟ್ಟು ಹಿಡಿದಿದ್ದಳು.

"ನೀರಿನ ಮ್ಯಾಲ ಹೋಗಿ ನಾ ಏನು ಮಾಡ್ಲಿ? ಹೊಳಿ ನೋಡೀನಿ, ಕಾಲುವಿ ನೋಡೀನಿ, ಸಾಕು."

"ಅಮ್ಮಾ, ಹಡಗಿನಾಗ ಥೇಟರ್ ಐತಂತ. ದಿನಾ ಸಂಜಿಗೆ ಒಂದೊಂದು ಆಟ. ಕುಣಿಯೋರು, ಹಾಡೋರು, ಜಾದು ಮಾಡೋರು."

ಸರ್ವರಬಿ ಅಕ್ಕಿಯ ಮೊರವನ್ನು ಕೆಳಗಿಟ್ಟಳು. "ಮುಂದ ಕುಂತು ನೋಡಾಕ ಬಿಡ್ತಾರೇನು?"

"ಯಾರು ಮೊದ್ಲು ಹೋಗ್ತಾರೋ ಅವರು ಕುಂದ್ರದು. ಕುರ್ಚಿಗೆ ನಂಬರ್ ಗಿಂಬರ್ ಏನಿಲ್ಲ."

"ಹಂಗಾರ ಬರ್ತೀನಿ," ಎಂದಳು ಸರ್ವರಬಿ. ಅಂದೇ ಸಂಜೆ ಹೊಸ ಚಪ್ಪಲಿ ತರಿಸಿಕೊಂಡಳು.

ಈ ಮುಂದೆ ಕೂರುವ ಹುಚ್ಚು ಅವಳಿಗೆ ಎಲ್ಲಿಂದ ಬಂತು ಎಂಬುದನ್ನು ಹೇಳಲೇಬೇಕು. ಅವಳ ಗಂಡ ಸೈಫುದ್ದೀನ್ ಬಳ್ಳಾರಿಯಲ್ಲಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುತ್ತಿದ್ದ, ಬಣ್ಣವನ್ನೂ ಅವನೇ ಹಚ್ಚುತ್ತಿದ್ದ. ಸಿರಿಗೇರಿಯಲ್ಲಿ, ತೆಕ್ಕಲಕೋಟೆಯಲ್ಲಿ, ಕುರುಗೋಡಿನಲ್ಲಿ, ಎಲ್ಲಿ ಊರ ಹುಡುಗರು ಸೇರಿ ನಾಟಕ ಕಟ್ಟಿದರೂ ಗಂಡ ಹೆಂಡತಿ ಇಬ್ಬರೂ ಟ್ರಂಕುಗಳ ಜೊತೆ ಟೆಂಪೋ ಹತ್ತುತ್ತಿದ್ದರು. ಅವನು ಮುಖಕ್ಕೆ ಬಣ್ಣ ಹಚ್ಚಿದರೆ ಇವಳು ಬೆನ್ನಿಗೆ ಲಾಡಿ ಕಟ್ಟುತ್ತಿದ್ದಳು. ಆಟ ನಡೆದಷ್ಟು ಹೊತ್ತೂ ಪರದೆಯ ಮಗ್ಗುಲಲ್ಲಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ನಿಂತಿರಬೇಕು. ಹೀಗಾಗಿ ಅವಳು ನೋಡಿದ ರಾಜರಿಗೆಲ್ಲ ಬೆನ್ನಿತ್ತೇ ಹೊರತು ಮುಖ ಇರಲಿಲ್ಲ. ರಾಣಿಯ ರವಿಕೆ ಹಿಂದೆ ಎಷ್ಟು ಪಿನ್ನುಗಳ ಮೇಲೆ ನಿಂತಿದೆ ಎಂದು ಅವಳಿಗೆ ಗೊತ್ತು, ಮುಂದೆ ಅದರ ಜರಿ ದೀಪಕ್ಕೆ ಹೇಗೆ ಮಿಂಚಿತು ಎಂದು ಗೊತ್ತಿಲ್ಲ. ಸತ್ತ ರಾಕ್ಷಸ ಒಳಗೆ ಬಂದು ಬೀಡಿ ಹಚ್ಚುವುದನ್ನು ಕಂಡಿದ್ದಾಳೆ, ಅವನು ಸತ್ತದ್ದನ್ನು ಕಂಡಿಲ್ಲ. ಹೊರಗೆ ಜನ ಹೋ ಎಂದು ನಕ್ಕರೆ ಯಾವುದಕ್ಕೆ ನಕ್ಕರು ಎಂದು ಮರುದಿನ ಟೆಂಪೋದಲ್ಲಿ ಗಂಡನನ್ನು ಕೇಳಬೇಕು. ಅವನಿಗೂ ಗೊತ್ತಿರುತ್ತಿರಲಿಲ್ಲ.

ಒಮ್ಮೆ ಕುರುಗೋಡಿನಲ್ಲಿ ಅವಳಿಗೆ ತಡೆಯಲಾಗಲಿಲ್ಲ. ರಾಜನ ಪಾತ್ರದ್ದೇ ಬಹಳ ಹೊತ್ತು ನಡೆಯುತ್ತಿತ್ತು, ಬಟ್ಟೆ ಬದಲಿಸುವ ಕೆಲಸ ಇರಲಿಲ್ಲ. ಮೆಲ್ಲಗೆ ಸುತ್ತು ಹಾಕಿ ಮುಂದೆ ಬಂದು, ಖಾಲಿ ಇದ್ದ ಕುರ್ಚಿಯ ಮೇಲೆ ಕೂತಳು. ಬೆನ್ನು ಇನ್ನೂ ಕುರ್ಚಿಗೆ ತಾಗಿರಲಿಲ್ಲ. ಕಮಿಟಿಯವನೊಬ್ಬ ಓಡಿ ಬಂದ.

"ಏ ಬೂಬಮ್ಮ, ಏಳು ಏಳು. ಇದು ದೈವದವರು ಕುಂದ್ರ ಜಾಗ. ಡ್ರೆಸ್ಸಿನಾಕಿಗೆ ಇಲ್ಲೇನು ಕೆಲ್ಸ?"

ಊರ ಹಿರಿಯರಿಗೆ ಅಲ್ಲಿ ದೈವದವರು ಎನ್ನುತ್ತಾರೆ. ಆ ಹಿರಿಯರು ಆಗ ಎಲ್ಲಿ ಗೊರಕೆ ಹೊಡೆಯುತ್ತಿದ್ದರೋ, ಅವರ ಕುರ್ಚಿ ಮಾತ್ರ ಎಚ್ಚರವಾಗಿತ್ತು. ಸುತ್ತಲಿನವರು ನಕ್ಕರು. ಸ್ಟೇಜಿನ ಮೇಲಿದ್ದ ರಾಜನೂ ಮಾತು ನಿಲ್ಲಿಸಿ ನೋಡಿದ. ಸರ್ವರಬಿ ಎದ್ದು ಹೋದಳು. ಎದ್ದದ್ದಕ್ಕೆ ಅವಳಿಗೆ ಇವತ್ತಿಗೂ ತನ್ನ ಮೇಲೇ ಸಿಟ್ಟಿದೆ. ಏಳಬಾರದಿತ್ತು, ಯಾಕೆ ಎದ್ದೆ ಎಂದು ಅದೆಷ್ಟು ಸಲ ಒಲೆಯ ಮುಂದೆ ತನ್ನನ್ನೇ ಬೈದುಕೊಂಡಿದ್ದಾಳೋ. ಸೈಫುದ್ದೀನ್ ತೀರಿಕೊಂಡ, ಟ್ರಂಕುಗಳು ಮಾರಾಟವಾದವು, ಆ ಸಿಟ್ಟು ಮಾತ್ರ ಮನೆಯಲ್ಲೇ ಉಳಿಯಿತು.

ಹಡಗು ಎಂದರೆ ಹಡಗಲ್ಲ ಅದು, ತೇಲುವ ಪೇಟೆ. ಸರ್ವರಬಿ ಸಮುದ್ರವನ್ನು ಒಂದು ಸಲ ನೋಡಿ "ದೊಡ್ಡದೈತಿ" ಎಂದು ಸರ್ಟಿಫಿಕೇಟು ಕೊಟ್ಟು, ಥೇಟರ್ ಎಲ್ಲಿ ಎಂದು ಕೇಳಿದಳು. ಬಾಗಿಲು ಹಾಕಿತ್ತು. ಆಟಕ್ಕೆ ಫೋನಿನಲ್ಲಿ ಮೊದಲೇ ಹೆಸರು ಹಚ್ಚಬೇಕಂತೆ. ಹೆಸರು ಹಚ್ಚಿದರೆ ಒಳಗೆ ಬಿಡುತ್ತಾರೆ, ಕುರ್ಚಿ ಮಾತ್ರ ಮೊದಲು ಬಂದವರದ್ದು. ಇದನ್ನೆಲ್ಲ ತಿಳಿದುಕೊಂಡು ಬಳ್ಳಾರಿ ತಂಡಕ್ಕೆ ತಿಳಿಹೇಳಿದವನು ಹಂಪಯ್ಯ.

ಹಂಪಯ್ಯ ಕೆಟ್ಟವನಲ್ಲ. ಮದುವೆ ಮನೆಗೆ ಹೋದರೆ ಕರೆಯದಿದ್ದರೂ ಬಡಿಸಲು ನಿಲ್ಲುವ ಮನುಷ್ಯ. ಆದರೆ ಯಾರಿಗೆ ಎಷ್ಟು ಬಡಿಸಬೇಕು, ಯಾರು ಯಾವ ಪಂಕ್ತಿಯಲ್ಲಿ ಕೂರಬೇಕು ಎಂಬುದೂ ಅವನದೇ ತೀರ್ಮಾನ ಆಗಬೇಕು. ತಂಡಕ್ಕೆಲ್ಲ ಅವನೇ ಫೋನು ಒತ್ತಿ ಹೆಸರು ಹಚ್ಚಿದ. ಆಮೇಲೆ ಒಂದು ಉಪಾಯ ಮಾಡಿದ. ಮುಂಬಯಿಯ ವ್ಯಾಪಾರಿಗಳಿಗೆ ತೋರಿಸಲು ತಂದಿದ್ದ ಸ್ಯಾಂಪಲ್ ಪ್ಯಾಂಟುಗಳ ಗಂಟನ್ನು ಹೊತ್ತು, ಬಾಗಿಲು ತೆರೆದ ಕೂಡಲೇ ಒಳಗೆ ನುಗ್ಗಿ, ಮುಂದಿನ ಎರಡು ಸಾಲಿನ ಕುರ್ಚಿಗಳಿಗೆಲ್ಲ ಒಂದೊಂದು ಪ್ಯಾಂಟು ಹೊದಿಸಿ ಊಟಕ್ಕೆ ಹೋದ. ಆಟ ನೋಡಲು ಬಂದವರಿಗೆ ಕಂಡದ್ದೇನು? ಮನುಷ್ಯರಿಲ್ಲದೆ ಬರೀ ಪ್ಯಾಂಟುಗಳು ಸಾಲಾಗಿ ಕೂತು ಪರದೆ ನೋಡುತ್ತಿದ್ದವು. ಗುಜರಾತಿನ ಒಂದು ಕುಟುಂಬ ಆ ಪ್ಯಾಂಟುಗಳಿಗೆ ಹೆದರಿ ಹಿಂದಕ್ಕೆ ಹೋಯಿತು.

ಮೊದಲ ಸಾಲು ಮಾಲೀಕರಿಗೆ, ಎರಡನೆಯದು ಅವರ ಹೆಂಡಂದಿರಿಗೆ. "ವಯಸ್ಸಾದೋರು ಅಲ್ಲಿ ಸೈಡಿಗೆ ಕುಂದ್ರಲಿ, ಎದ್ದು ಹೋಗಾಕ ಅನುಕೂಲ ಆಕ್ಕೈತಿ," ಎಂದು ಹಂಪಯ್ಯ ಸರ್ವರಬಿಗೆ ಗೋಡೆಯ ಮಗ್ಗುಲಿನ ಕುರ್ಚಿ ತೋರಿಸಿದ. ಕಳಕಳಿಯಿಂದಲೇ ತೋರಿಸಿದ. ಅವಳು ಕೂತಳು. ಪರದೆ ಎದ್ದಿತು. ಆ ಮೂಲೆಯಿಂದ ಅವಳಿಗೆ ಕಂಡದ್ದು ಕುಣಿಯುವವರ ಒಂದು ಕಿವಿ, ಒಂದು ಭುಜ, ಮತ್ತು ಆಚೆ ಪರದೆಯ ಸಂದಿಯಲ್ಲಿ ಕರಿ ಬಟ್ಟೆ ತೊಟ್ಟು, ತೋಳಿನ ಮೇಲೆ ಲಂಗ ಹಾಕಿಕೊಂಡು ಕಾಯುತ್ತಿದ್ದ ಒಬ್ಬ ಹೆಂಗಸು. ಆ ಹೆಂಗಸಿನ ಬಾಯಲ್ಲಿ ಪಿನ್ನಿತ್ತು. ಸರ್ವರಬಿಗೆ ಮೈಯೆಲ್ಲ ಉರಿಯಿತು. ಇದನ್ನು ನೋಡಲು ಸಮುದ್ರದ ತನಕ ಬರಬೇಕಿತ್ತೇ?

"ನಾಳಿ ನಾ ಸೀಟು ಹಿಡೀತೀನಿ ಅತ್ತಿ," ಎಂದು ಕೈಸರ್ ಮಾತು ಕೊಟ್ಟ. ಹೇಳಿದಂತೆ ಮರುದಿನ ಎಲ್ಲರಿಗಿಂತ ಮುಂಚೆ ಹೋಗಿ, ಹಂಪಯ್ಯ ಗಂಟು ತರುವುದರೊಳಗೆ ಒಳಗೆ ನುಗ್ಗಿದ. ಮುಂದಿನ ಸಾಲು ಪೂರ್ತಿ ಖಾಲಿ ಇತ್ತು. ಆದರೆ ಕೈಸರ್ ಬಳ್ಳಾರಿಯ ಸಿನಿಮಾ ಟಾಕೀಸುಗಳಲ್ಲಿ ಬೆಳೆದ ಹುಡುಗ. ಅಲ್ಲಿ ಪರದೆಯ ಹತ್ತಿರ ಕೂರುವವರು ಸಿಳ್ಳೆ ಹೊಡೆಯುವ ಗಾಂಧಿ ಕ್ಲಾಸಿನವರು, ಮರ್ಯಾದಸ್ಥರಿಗೆ ಬಾಲ್ಕನಿ. ಅವನು ಮುಂದಿನ ಸಾಲಿನ ಕಡೆ ಕಣ್ಣೆತ್ತಿಯೂ ನೋಡದೆ ದಡದಡ ಮೆಟ್ಟಿಲು ಹತ್ತಿ ಮೇಲೆ ಮೂರು ಕುರ್ಚಿ ಹಿಡಿದ. ಕೆಳಗೆ ನಿಂತಿದ್ದ ಅತ್ತೆಗೆ ಕೈಬೀಸಿದ.

"ಅತ್ತೀ, ಬರ್ರಿ ಮ್ಯಾಲ! ಬಾಲ್ಕನಿ ಸಿಕ್ತು, ಬಾಲ್ಕನಿ!"

ಅವನ ಮುಖದಲ್ಲಿದ್ದ ಸಂತೋಷ ನೋಡಿ ಅವಳು ಮಂಡಿ ಹಿಡಿದುಕೊಂಡು ಹತ್ತಿದಳು. ಮೇಲಿನಿಂದ ಕಂಡದ್ದು ಹಾಡುವವರ ನಡುನೆತ್ತಿ. ಇಬ್ಬರ ತಲೆಯ ಮೇಲಿರುವುದು ವಿಗ್ಗು ಎಂಬುದು ಮಾತ್ರ ಸ್ಪಷ್ಟವಾಗಿ ಗೊತ್ತಾಯಿತು. ಆಟ ಮುಗಿದ ಮೇಲೆ ಅಳಿಯನನ್ನು ಹಡಗಿನ ಓಣಿಯಂಥ ಹಾದಿಯಲ್ಲಿ ನಿಲ್ಲಿಸಿಕೊಂಡಳು.

"ಹಿಂದಿಂದ ನೋಡೀನಿ, ಬಾಜೂಲಿಂದ ನೋಡೀನಿ, ಇವತ್ತು ಮ್ಯಾಲಿಂದನೂ ನೋಡಿದೆ. ಇನ್ನ ಕೆಳಗಿಂದೊಂದು ಉಳದೈತಿ, ಸ್ಟೇಜ್ ಬುಡಕ ಮಲಗಿಸ್ತೀಯೇನು?"

"ಬಾಲ್ಕನಿ ಅತ್ತೀ..."

"ನನಗ ಮುಖ ಬೇಕಪಾ. ಆಡೋರ ಮುಖ. ಅಷ್ಟ."

ಉಳಿದದ್ದು ಕೊನೆಯ ಒಂದು ಆಟ, ಜಾದೂಗಾರನದ್ದು. ಮರುದಿನ ಹಡಗು ಮುಂಬಯಿ ಮುಟ್ಟುತ್ತದೆ. ಅಂದು ಎಲ್ಲರೂ ಸಂಜೆಯ ಚಹಾಕ್ಕೆ ಏಳುವಾಗ ಸರ್ವರಬಿ ಯಾರಿಗೂ ಹೇಳದೆ ಥೇಟರಿನ ಕಡೆ ಹೊರಟಳು. ಆದರೆ ಅವಳ ಕಾಲು ನಿಧಾನ, ಹಂಪಯ್ಯನ ಕಾಲು ಚುರುಕು. ಒಳಗೆ ಹೋಗುವಷ್ಟರಲ್ಲಿ ಪ್ಯಾಂಟುಗಳು ಬಂದು ಕೂತಿದ್ದವು, ಅವನು ಚಹಾಕ್ಕೆ ಹೊರಟುಹೋಗಿದ್ದ.

ಸರ್ವರಬಿ ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯ ಎದುರು ನಿಂತಳು. ಅಲ್ಲಿದ್ದ ಪ್ಯಾಂಟನ್ನು ಎತ್ತಿದಳು. ಒದರಿದಳು, ಕಾಲಿಗೆ ಕಾಲು ಕೂಡಿಸಿ ನೀಟಾಗಿ ಮಡಿಚಿ, ಪಕ್ಕದ ಕುರ್ಚಿಯ ಪ್ಯಾಂಟಿನ ತೊಡೆಯ ಮೇಲೆ ಇಟ್ಟಳು. ಆಮೇಲೆ ಕೂತಳು. ಈ ಸಲ ಬೆನ್ನನ್ನು ಪೂರ್ತಿ ಹಿಂದಕ್ಕೆ ಕೊಟ್ಟು ಕೂತಳು.

ಹಂಪಯ್ಯ ತಂಡದ ಸಮೇತ ಬಂದಾಗ ಥೇಟರು ಅರ್ಧ ತುಂಬಿತ್ತು. ನಡುವಿನ ಕುರ್ಚಿ ಅವನದೇ. ತನ್ನ ಜಾಗದಲ್ಲಿ ಮುದುಕಿಯನ್ನು ನೋಡಿ ಮೊದಲು ನಕ್ಕ.

"ಯಮ್ಮಾ, ದಾರಿ ತಪ್ಪಿದ್ರೇನು? ನಿಮ್ಮ ಸೀಟು ಅಲ್ಲೈತಲ್ಲ, ಸೈಡಿಗೆ."

"ಇಲ್ಲಪಾ. ಸರಿಯಾದ ದಾರೀಲೆ ಬಂದೀನಿ."

"ಇಲ್ಲಿ ನಾ ಪ್ಯಾಂಟ್ ಹಾಕಿದ್ದೆ."

"ಮಡಚಿ ಇಟ್ಟೀನಿ, ನೋಡು. ಇಸ್ತ್ರಿ ಕೆಟ್ಟಿಲ್ಲ."

ಹಂಪಯ್ಯನ ನಗು ಸಣ್ಣದಾಯಿತು. ಮಂದಿಯ ಮುಂದೆ ಸೋಲುವುದು ಅವನಿಗೆ ಅಭ್ಯಾಸವಿಲ್ಲ. ಅವನು ಕೈಸರನ ಕಡೆ ತಿರುಗಿದ. ತಿರುಗಿದ್ದಷ್ಟೇ, ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವಿರಲಿಲ್ಲ. ಕೈಸರನ ಯೂನಿಟ್ಟಿನಲ್ಲಿ ಹೊಲಿಯುವ ಅರ್ಧ ಮಾಲು ಹಂಪಯ್ಯ ಕೊಡುವ ಆರ್ಡರಿನದ್ದು. ಕೈಸರ್ ಬಂದು ಅತ್ತೆಯ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಅತ್ತೀ, ಏಳ್ರಿ. ಊರಿಗೆ ಹೋಗಿ ನಾಳಿ ನಾ ಇವರ ಮುಖ ನೋಡಬೇಕು."

"ನೀ ನಾಳಿ ನೋಡೋ ಮುಖದ ಸಲುವಾಗಿ ನಾ ಇವತ್ತು ನೋಡೋ ಮುಖ ಬಿಡಬೇಕೇನು?"

"ಆರ್ಡರ್ ಹೋಗ್ತಾವ ಅತ್ತೀ."

ಈ ಮಾತು ಅವಳಿಗೆ ನಾಟಿತು. ಅಳಿಯ ಒಳ್ಳೆಯವನು. ತನ್ನ ಗಂಡ ಸತ್ತ ಮೇಲೆ ಒಂದು ದಿನವೂ ಬಿರುಸು ಮಾತಾಡಿದವನಲ್ಲ. ಅವಳ ಕೈ ಕುರ್ಚಿಯ ತೋಳನ್ನು ಹಿಡಿದು ಸಡಿಲಿಸಿತು, ಮತ್ತೆ ಹಿಡಿಯಿತು.

"ಹೋಗಾವು ಹೋಗ್ಲಿ," ಎಂದಳು. "ನನಗ ಹೊಲಿಯಾಕ ಬರ್ತೈತಿ, ನಿನಗ ಕತ್ತರ್ಸಾಕ ಬರ್ತೈತಿ. ಬ್ಯಾರೆ ಆರ್ಡರ್ ಹುಡುಕೂಣು. ಒಮ್ಮಿ ಎದ್ದಿದ್ದೆ ನಾ, ಕುರುಗೋಡಿನಾಗ. ಅವತ್ತಿಂದ ನನಗ ನನ್ನ ಮ್ಯಾಲ ಮರ್ಯಾದಿ ಇಲ್ಲ. ಇನ್ನೊಮ್ಮಿ ಏಳಂಗಿಲ್ಲ."

ಹಡಗಿನ ಕೆಲಸದ ಹುಡುಗಿಯೊಬ್ಬಳು ಬಂದಳು. ಗುಡ್ಡಗಾಡಿನ ಕಡೆಯವಳು, ಮೆತ್ತಗೆ ಹಿಂದಿ ಮಾತಾಡಿದಳು. ಹಂಪಯ್ಯ ತನ್ನ ಹಿಂದಿಯಲ್ಲಿ ದೂರು ಹೇಳಿದ. ಹುಡುಗಿ ಎಲ್ಲ ಕೇಳಿಸಿಕೊಂಡು, ಇಲ್ಲದವರ ಪರವಾಗಿ ಕುರ್ಚಿ ಹಿಡಿಯುವಂತಿಲ್ಲ, ಬಂದು ಕೂತವರದೇ ಕುರ್ಚಿ ಎಂದಳು. ಆದರೂ ಗಲಾಟೆ ಬೇಡ ಎಂದು ಸರ್ವರಬಿಗೆ ಬಗ್ಗಿ, ಎರಡನೆಯ ಸಾಲಿನಲ್ಲಿ ಇಷ್ಟೇ ಒಳ್ಳೆಯ ಜಾಗ ಕೊಡಲೇ ಅಮ್ಮಾ ಎಂದು ಕೇಳಿದಳು. ಸರ್ವರಬಿ ತನ್ನ ಉರ್ದುವಿನಲ್ಲಿ ಉತ್ತರ ಕೊಟ್ಟಳು. ನೀನು ಒಳ್ಳೆಯ ಹುಡುಗಿ, ನಿನ್ನ ಕಾಯಿದೆಯೂ ಒಳ್ಳೆಯದು, ಕಾಯಿದೆಯ ಪ್ರಕಾರವೇ ನಾನು ಕೂತಿದ್ದೇನೆ ಎಂದಳು. ಹುಡುಗಿ ನಗು ತಡೆದುಕೊಂಡು ಹೋದಳು.

ಫರ್ಜಾನಾ ಬಂದು ಕಣ್ಣಲ್ಲೇ ಬೇಡಿಕೊಂಡಳು. ತಂಡದವರು ಒಬ್ಬೊಬ್ಬರಾಗಿ ಬುದ್ಧಿ ಹೇಳಿದರು. ಮುದುಕಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೊನೆಗೆ ಹಂಪಯ್ಯ ತನ್ನ ಹೆಂಡತಿಯನ್ನು ಕರೆದ.

"ವೀರಭದ್ರಮ್ಮ, ನೀನಾರ ಹೇಳು. ಹೆಂಗಸರ ಮಾತು ಹೆಂಗಸರಿಗೆ ತಿಳೀತೈತಿ."

ವೀರಭದ್ರಮ್ಮ ಭಾರಿ ಆಳು, ಮಾತು ಕಮ್ಮಿ. ಎರಡನೆಯ ಸಾಲಿನಿಂದ ಎದ್ದು ಬಂದು ಸರ್ವರಬಿಯನ್ನು ನೋಡಿದಳು. ಪಕ್ಕದ ಕುರ್ಚಿಯಲ್ಲಿದ್ದ ಪ್ಯಾಂಟುಗಳನ್ನು ಎರಡೂ ಕೈಯಲ್ಲಿ ಬಾಚಿ ಗಂಡನ ಎದೆಗೆ ಕೊಟ್ಟಳು. ಸೆರಗು ಸರಿಮಾಡಿಕೊಂಡು ಆ ಕುರ್ಚಿಯ ಮೇಲೆ ದೊಪ್ಪನೆ ಕೂತಳು.

"ಎರಡು ದಿನದಿಂದ ನಿಮ್ಮ ತಲಿ ಹಿಂದ ಕುಂತು ನಿಮ್ಮ ತಲೀನ ನೋಡೀನಿ," ಎಂದಳು ಗಂಡನಿಗೆ. "ಅದನ್ನ ಮನ್ಯಾಗೂ ನೋಡಬಹುದು. ಹೋಗ್ರಿ, ನೀವು ಹಿಂದ ಕುಂದರ್ರಿ."

ಹಂಪಯ್ಯ ಪ್ಯಾಂಟುಗಳನ್ನು ಅಪ್ಪಿಕೊಂಡು ಎರಡನೆಯ ಸಾಲಿಗೆ ಹೋದ. ಅಷ್ಟರಲ್ಲಿ ದೀಪ ಆರಿದ್ದರಿಂದ ಅವನ ಮುಖ ಯಾರಿಗೂ ಕಾಣಲಿಲ್ಲ, ಅದೊಂದು ಪುಣ್ಯ.

ಪರದೆ ಎದ್ದಿತು. ಕೆಂಪು ಕೋಟಿನ ಜಾದೂಗಾರ ಬೆಳಕಿಗೆ ಬಂದು ನಿಂತ. ಅವನ ಹುಬ್ಬಿನ ಕೆಳಗಿನ ಬಣ್ಣ, ತುಟಿಯ ಕೊಂಕು, ಹಣೆಯ ಮೇಲೆ ಆಗಷ್ಟೇ ಮೂಡುತ್ತಿದ್ದ ಬೆವರು, ಎಲ್ಲವೂ ಸರ್ವರಬಿಗೆ ಕಂಡವು. ಅವನು ಜನರನ್ನು ನೋಡಿ ನಕ್ಕರೆ ನೇರ ಅವಳಿಗೇ ನಕ್ಕಂತಿತ್ತು. ಹಿಂದಿನಿಂದ ನೋಡುವಾಗ ಇವೆಲ್ಲ ಎಲ್ಲಿ ಹೋಗುತ್ತಿದ್ದವು? ಖಾಲಿ ಕೈಯಲ್ಲಿ ಹೂವು ಬಂತು, ಹೂವು ಹೋಗಿ ಹಕ್ಕಿ ಬಂತು. ಸರ್ವರಬಿ ಸಣ್ಣ ಹುಡುಗಿಯಂತೆ ಬಾಯಿ ಬಿಟ್ಟುಕೊಂಡು ಕೂತಳು. ಜನ ಹೋ ಎಂದರೆ ಅವಳೂ ಹೋ ಎಂದಳು, ಯಾವುದಕ್ಕೆ ಎಂದು ಯಾರನ್ನೂ ಕೇಳುವ ಗರಜು ಬೀಳಲಿಲ್ಲ.

ಆಮೇಲೆ ಸ್ಟೇಜಿನ ಮೇಲೆ ಒಂದು ಉದ್ದನೆಯ ಪೆಟ್ಟಿಗೆ ಬಂತು. ಒಳಗೆ ಮಲಗಲು ಒಬ್ಬರು ಬೇಕು ಎಂದ ಜಾದೂಗಾರ. ಸುತ್ತ ಕಣ್ಣಾಡಿಸಿ ಮುಂದಿನ ಸಾಲಿನ ನಡುವಿಗೆ ಬೆರಳು ತೋರಿಸಿದ. ದೊಡ್ಡ ದೀಪದ ಬೆಳಕು ಬಂದು ಸರ್ವರಬಿಯ ಮೇಲೆ ಬಿತ್ತು. ಇಡೀ ಥೇಟರು ಚಪ್ಪಾಳೆ ತಟ್ಟಿತು.

"ಅಮ್ಮಾ, ಏಳು! ಸ್ಟೇಜಿಗೆ ಕರೀತಾರ!" ಎಂದಳು ಫರ್ಜಾನಾ, ಫೋನು ಹಿಡಿದುಕೊಂಡು.

ಹಿಂದಿನಿಂದ ಹಂಪಯ್ಯನ ದನಿಯೂ ಬಂತು. "ಏಳ್ರಿ ಯಮ್ಮಾ, ಏಳ್ರಿ! ಬಳ್ಳಾರಿ ಮರ್ಯಾದಿ ಪ್ರಶ್ನಿ!"

ನೋಡಿ ಇವರ ವರಸೆ. ಅವಮಾನ ಮಾಡುವಾಗಲೂ ಏಳು, ಮರ್ಯಾದೆ ಮಾಡುವಾಗಲೂ ಏಳು. ಕೂತ ಹೆಂಗಸನ್ನು ಕೂತಿರಲು ಬಿಡುವುದು ಮಾತ್ರ ಯಾರಿಂದಲೂ ಆಗದು. ಜಾದೂಗಾರ ಮೆಟ್ಟಿಲಿಳಿದು ಬಂದು ಅವಳ ಮುಂದೆ ಕೈ ಚಾಚಿದ. ಚಪ್ಪಾಳೆ ತಾಳ ಹಿಡಿಯಿತು. ಅಷ್ಟು ಜನ ತನಗಾಗಿ ತಟ್ಟುವುದನ್ನು ಕೇಳಿ ಒಂದು ಗಳಿಗೆ ಅವಳ ಕಾಲೂ ಎಳೆಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಮೇಲೆ ಹೋದರೆ ಪೆಟ್ಟಿಗೆಯ ಒಳಗು ಕಾಣುತ್ತದೆ, ಅದರ ಚಿಲಕ ಕಾಣುತ್ತದೆ, ಪರದೆಯ ಸಂದಿಯಲ್ಲಿ ನಿಂತ ಆ ಕರಿ ಬಟ್ಟೆಯ ಹೆಂಗಸು ಕಾಣುತ್ತಾಳೆ. ಕಾಣದ್ದು ಒಂದೇ, ಆಟ.

"ನೀನು ಆಡು ಬೇಟಾ," ಎಂದಳು ಜಾದೂಗಾರನಿಗೆ, ತನ್ನ ಉರ್ದುವಿನಲ್ಲೇ. "ನನ್ನ ಜನ್ಮವೆಲ್ಲ ಪರದೆಯ ಆ ಕಡೆಯೇ ಕಳೆದೆ. ಇವತ್ತು ನಾನು ನೋಡುವವಳು. ಏಳುವುದಿಲ್ಲ."

ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡಳು. ಜಾದೂಗಾರ ಅವಳ ಮುಖವನ್ನೊಮ್ಮೆ ನೋಡಿದ, ಎದೆಗೆ ಕೈಯಿಟ್ಟು ತಲೆ ಬಾಗಿಸಿದ. ಬೇರೆ ಯಾರು ಬರುತ್ತೀರಿ ಎಂದು ಕೂಗಿದ್ದೇ ತಡ, ಎರಡನೆಯ ಸಾಲಿನಲ್ಲಿ ಹಂಪಯ್ಯ ಪ್ಯಾಂಟುಗಳನ್ನು ಪಕ್ಕದವನ ಮಡಿಲಿಗೆ ತಳ್ಳಿ ಎದ್ದ. ಬಳ್ಳಾರಿಯ ಮರ್ಯಾದೆ ಉಳಿಸಲು ಯಾರಾದರೂ ಬೇಕಲ್ಲ. ಕೈ ಮುಗಿಯುತ್ತ ಮೆಟ್ಟಿಲು ಹತ್ತಿದ, ಪೆಟ್ಟಿಗೆಯಲ್ಲಿ ಮಲಗಿದ. ಮುಚ್ಚಳ ಹಾಕಿದರು. ಒಂದು ಕಡೆ ತಲೆ, ಇನ್ನೊಂದು ಕಡೆ ಸಾಕ್ಸು ಹಾಕಿದ ಎರಡು ಪಾದ. ಜಾದೂಗಾರ ಹೊಳೆಯುವ ಗರಗಸ ತಂದು ನಟ್ಟನಡುವೆ ಕೊಯ್ದು, ಪೆಟ್ಟಿಗೆಯನ್ನು ಎರಡು ತುಂಡು ಮಾಡಿ, ತಲೆಯನ್ನು ಈ ಮೂಲೆಗೂ ಪಾದಗಳನ್ನು ಆ ಮೂಲೆಗೂ ತಳ್ಳಿದ. ಆ ಮೂಲೆಯಲ್ಲಿ ಹಂಪಯ್ಯನ ಹೆಬ್ಬೆರಳು ಅಲ್ಲಾಡಿತು. ಜನ ಕಿರುಚಿದರು. ಸರ್ವರಬಿ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು.

ವೀರಭದ್ರಮ್ಮ ಗಾಬರಿಯಿಂದ ಅವಳ ಕೈ ಹಿಡಿದಳು.

"ನೀವು ನಾಟಕದಾಗ ಇದ್ದೋರಲ್ಲಬೇ. ಇದು ಹೆಂಗ ಮಾಡ್ತಾರ? ಅವರಿಗೇನೂ ಆಗಿಲ್ಲಲ್ಲ? ಹಿಂದ ಏನು ನಡದೈತಿ, ಹೇಳ್ರಿ."

ಸರ್ವರಬಿ ಸ್ಟೇಜಿನಿಂದ ಕಣ್ಣು ತೆಗೆಯದೆ ತಲೆ ಅಲ್ಲಾಡಿಸಿದಳು.

"ಯಾರಿಗೆ ಗೊತ್ತವಾ? ನಾ ಮುಂದ ಕುಂತೀನಿ."